ಎಂಜಿನ್ ಸುತ್ತಲಿನ ಉಸುಕು

"ಇಳಸ್ರಿ! ಇಲ್ಲೇ ಇಳಸ್ರಿ!" ಎಂದು ಹನಮವ್ವ ಗಂಡನ ಚಟ್ಟಕ್ಕೆ ಅಡ್ಡ ನಿಂತಳು.

ಅರಳೆಯಿಂದ ಬೀಜ ಬಿಡಿಸುವ ಗದಗಿನ ಹತ್ತಿ ಜಿನ್ನಿನ ಗೇಟು ಅದು. ಅಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಉಡಚಪ್ಪನಿಗೆ ಸತ್ತ ಮೇಲಾದರೂ ಸುಮ್ಮನೆ ಹೋಗುವ ಯೋಗವಿರಲಿಲ್ಲ. ಕನ್ನಡ ರಾಜ್ಯ ಒಂದಾಗಿ ನಾಲ್ಕು ತಿಂಗಳಾಗಿತ್ತು, ಹತ್ತಿಯ ಸುಗ್ಗಿ.

"ಯವ್ವಾ, ಹೆಣಾ ನಡುದಾರ್‍ಯಾಗ ಇಳಸಬಾರ್ದು," ಎಂದ, ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಗಾಳೆಪ್ಪ. ಅವನೂ ಅದೇ ಜಿನ್ನಿನ ಆಳು.

"ಮುಂಜಾನಿಂದ ನಮ್ಮ ಮನಿ ಗ್ವಾಡಿ ಅದರಾಕ ಹತ್ತೈತಿ. ಕುಂಡ್ರಿಸಿದ ಹೆಣಾ ಎರಡ ಸಲ ವಾಲಿತು, ಕಾಣಲಿಲ್ಲೇನು? ನಮ್ಮವರು ಎಂಜಿನ್ ಸುತ್ತ ತೋಡಿದ್ದ ತಗ್ಗು ಮುಚ್ಚ್ಯಾರ ಈ ಜಿನ್ನಿನವರು!"

"ಖರೆ ಐತಿ. ನಿನ್ನಿ ಸಂಜೀಕ ಗಾಡಿ ತುಂಬ ಕಲ್ಲು ಬಂದಿದ್ದು ನಾನ ಕಂಡೀನಿ," ಎಂದಳು ನೆರೆಮನೆಯ ಸುಗ್ರಾಬಿ.

*

ಹನ್ನೊಂದು ವರ್ಷದ ಹಿಂದಿನ ಮಾತು. ಎಂಜಿನ್ ಶುರುವಾದರೆ ಜಿನ್ನಿನ ಹಿಂದಿನ ಸಾಲುಮನೆಗಳೆಲ್ಲ ನಡುಗುತ್ತಿದ್ದವು. ಗೋಡೆ ಬಿರಿಯುತ್ತಿತ್ತು, ಮಲಗಿದ ಕೂಸು ಚೀರಿ ಏಳುತ್ತಿತ್ತು. ಉಡಚಪ್ಪ ಎಂಜಿನ್ನಿನ ಬುಡಕ್ಕೆ ಗೋಣಿತಟ್ಟು ತುರುಕಿ ನೋಡಿದ. ಎಂಟೇ ದಿನದಲ್ಲಿ ಅದು ಹಪ್ಪಳವಾಯಿತು.

"ಮಷೀನ ಅಂದ್ರ ನಡಗತೈತಿ. ರೂಢಿ ಮಾಡ್ಕೋ," ಎಂದ ಮ್ಯಾನೇಜರ.

"ಮಷೀನ ನಡಗಲಿರಿ ಸಾಹೇಬ್ರ. ನಮ್ಮ ಮನಿ ಯಾಕ ನಡಗಬೇಕು?"

ಯಾರನ್ನೂ ಕೇಳದೆ, ರಜೆಯ ಎಂಟು ರವಿವಾರ, ಎಂಜಿನ್ನಿನ ಅಡಿಪಾಯದ ಸುತ್ತ ಎದೆಮಟ್ಟ ಅಗೆದು ಕೊರ್ಲಹಳ್ಳಿಯ ಹೊಳೆ ಉಸುಕು ತುಂಬಿದ. ಆಮೇಲೆ ಎಂಜಿನ್ನಿನ ನಡುಕ ಆ ಉಸುಕು ದಾಟಿ ಮನೆಗಳಿಗೆ ಬರಲಿಲ್ಲ. ಭಲೇ ಗಂಡಸು!

*

ಗದ್ದಲ ಕೇಳಿ ಮ್ಯಾನೇಜರ ಓಡಿಬಂದ. "ಹೊಸ ಮಷೀನ ಕುಂಡ್ರಸಾಕ ನೆಲಾ ಗಟ್ಟಿ ಬೇಕು. ಉಸುಕು ತಗಸಿ ಕಲ್ಲು ಗಾರಿ ತುಂಬಸೀನಿ. ಏನೀಗ?"

"ಗಟ್ಟಿ ಮಾಡಿದ್ರ ನಡುಕ ಸೀದಾ ನಮ್ಮ ಮನಿಗೆ ಬರತೈತ್ರಿ. ಗಾಳ್ಯಾ, ಸಲಿಕಿ ತಗೋ," ಎಂದಳು ಹನಮವ್ವ.

ಹೆಣ ಹೂಳುವ ಕುಣಿ ಮುಚ್ಚಲೆಂದು ತಂದಿದ್ದ ಸಲಿಕೆ, ಗುದ್ದಲಿ ಜನರ ಕೈಯಲ್ಲಿದ್ದವು. ಗಾಳೆಪ್ಪ ತಡವರಿಸಿದ. "ಮಣ್ಣು ಕೊಡೂ ಹೊತ್ತು ಮೀರತೈತಿ, ಯವ್ವಾ."

"ಮೀರಲಿ. ಅವರೀಗ ಯಾವ ಪಾಳಿಗೂ ಹೋಗಬೇಕಾಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ನಗು ಬಂದ ಮೇಲೆ ಹೆದರಿಕೆ ಎಲ್ಲಿಯದು? ಚಟ್ಟ ಇಳಿಯಿತು, ಗೇಟು ತೆರೆಯಿತು. ಮ್ಯಾನೇಜರ ಪೊಲೀಸು, ಫೌಜದಾರ ಎಂದು ಕಿರುಚಿಕೊಂಡದ್ದು ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಾರೆ ಇನ್ನೂ ಹಸಿಯಾಗಿತ್ತು. ಕಲ್ಲುಗಳು ಒಂದೊಂದಾಗಿ ಎದ್ದವು.

ಮ್ಯಾನೇಜರ ತೆಗೆಸಿದ್ದ ಹಳೆ ಉಸುಕು ಗೋಡೆಯ ಪಕ್ಕ ಗುಡ್ಡೆಯಾಗಿ ಬಿದ್ದಿತ್ತು. ಹನಮವ್ವ ಅದರಲ್ಲಿ ಒಂದು ಹಿಡಿ ತೆಗೆದು, ಕಣ್ಣಿಗೊತ್ತಿ, ತಗ್ಗಿಗೆ ಹಾಕಿದಳು. ಹಿಂದೆಯೇ ಸುಗ್ರಾಬಿ ಹಾಕಿದಳು. ಮಣ್ಣು ಕೊಡಲು ಬಂದವರೆಲ್ಲ ಒಬ್ಬರ ಹಿಂದೊಬ್ಬರು, ಚಪ್ಪಲಿ ಬಿಟ್ಟು, ಹಿಡಿ ಹಿಡಿ ಉಸುಕು ಹಿಡಿದು ಎಂಜಿನ್ ಮನೆಯ ಬಾಗಿಲಿನಿಂದ ಗೇಟಿನವರೆಗೂ ಸಾಲುಗಟ್ಟಿ ನಿಂತರು.