ಮೂರನೆಯ ಉತ್ತರ

ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ಗಂಟಲು ಕೆಡಿಸಿಕೊಂಡ ಮೇಲೆ ಅವಳು ಆನ್‌ಲೈನ್ ತರಬೇತಿ ತಯಾರಿಸುವ ಕೆಲಸ ಹಿಡಿದಿದ್ದಳು. ಮನೆಯವರ ಬಾಯಲ್ಲಿ ಈಗಲೂ ಟೀಚರಮ್ಮನೇ. ಮೊದಲ ದೊಡ್ಡ ಕೆಲಸ ಕೊಟ್ಟದ್ದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಒಂದು ಲಾಂಡ್ರಿ: ಹೊಸದಾಗಿ ಮ್ಯಾನೇಜರ್ ಆದವರಿಗೊಂದು ಕೋರ್ಸು. ಪರದೆಯ ಮೇಲೆ ಸನ್ನಿವೇಶ, ಕೆಳಗೆ ಮೂರು ಉತ್ತರ. ಒತ್ತಿದ ಉತ್ತರಕ್ಕೆ ತಕ್ಕಂತೆ ಕತೆ ಮುಂದುವರಿಯಬೇಕು.

ಎಲ್ಲಿಂದ ಶುರುಮಾಡುವುದೆಂದು ವಾರವಿಡೀ ತಲೆ ಕೆರೆದುಕೊಂಡು ನಾಲ್ಕು ಸನ್ನಿವೇಶ ಕಟ್ಟಿದಳು. ಅಕ್ಕನ ಗಂಡ ಅದೇ ಲಾಂಡ್ರಿಯಲ್ಲಿ ಹಿಂದಿನ ತಿಂಗಳಷ್ಟೇ ಮ್ಯಾನೇಜರ್ ಆಗಿದ್ದ. ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಮೊದಲು ನೀವೇ ನೋಡಿ ಹೇಳಿ ಭಾವ ಎಂದಳು.

ತಡವಾಗಿ ಬರುವವನು, ಜಗಳಗಂಟರಿಬ್ಬರು, ಪದೇಪದೇ ರಜೆ ಕೇಳುವವಳು, ಮೂರನ್ನೂ ಭಾವ ನಗುನಗುತ್ತಲೇ ದಾಟಿದ. ನಾಲ್ಕನೆಯದರಲ್ಲಿ, ಬಾಯ್ಲರಿನ ಸದ್ದು ಬದಲಾಗಿದೆ ಎಂದು ಕೆಲಸಗಾರನೊಬ್ಬ ಬಂದು ಹೇಳುತ್ತಾನೆ. ನಿಲ್ಲಿಸುವುದೋ, ಮೇಲಿನವರಿಗೆ ಬರೆದು ಕಾಯುವುದೋ, ಸುಮ್ಮನೆ ನಿನ್ನ ಕೆಲಸ ನೋಡು ಎನ್ನುವುದೋ?

ಭಾವ ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಇದನ್ನ ನಿಂಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಭಾವ. ನಾನೇ ಬರೆದಿದ್ದು."

ಅವನು ನಂಬಲಿಲ್ಲ. ಆಮೇಲೆ ತಾನೇ ಬಾಯಿಬಿಟ್ಟ. ಮೂರು ವಾರದಿಂದ ಹಾಗೇ ಸದ್ದಂತೆ. ಬಾಯ್ಲರ್ ನೋಡಿಕೊಳ್ಳುವ ಮುದುಕ ಎರಡು ಸಲ ಬಂದು ಹೇಳಿದ್ದನಂತೆ. ಮೇಲಿನವರ ಕಿವಿಗೆ ಹಾಕಿದರೆ, ಮ್ಯಾನೇಜರ್ ಆಗಿ ತಿಂಗಳಾಗಿಲ್ಲ, ಆಗಲೇ ಯಂತ್ರ ನಿಲ್ಲಿಸುವ ಮಾತೇ ಎಂದು ನಕ್ಕರಂತೆ. ಮುದುಕನಿಗೆ ಭಾವ ಕೊಟ್ಟದ್ದು ಮೂರನೆಯ ಉತ್ತರವನ್ನೇ.

ಸೋಮವಾರ ಅವಳು ಲಾಂಡ್ರಿಯ ದೊಡ್ಡ ಸಾಹೇಬರಿಗೆ ಕೋರ್ಸು ತೋರಿಸಿದಳು. ನಾಲ್ಕನೆಯದನ್ನು ಅವರು ಎರಡು ಸಲ ಓದಿದರು. ಹೊಸಬರ ತಲೆಯಲ್ಲಿ ಹುಳ ಬಿಡುವುದು ಬೇಡ, ತೆಗೆದುಬಿಡಿ ಎಂದರು. ಅವಳು ಬಾಗಿಲ ಹತ್ತಿರ ಹೋದಾಗ ಮೆತ್ತಗೆ ಕೇಳಿದರು:

"ನಿಮ್ಮ ಭಾವ ಇಲ್ಲೇ ಇದ್ದಾರಲ್ವಾ?"

ಅವಳು ಮೆಟ್ಟಿಲಿಳಿದಳು. ನೇರ ಇಸ್ತ್ರಿ ವಿಭಾಗಕ್ಕೆ ಹೋಗಿ ನಡೆದದ್ದನ್ನೆಲ್ಲ ಭಾವನಿಗೆ ಹೇಳಿದಳು. ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ, ಸುತ್ತಲಿನ ಹೆಂಗಸರನ್ನು ನೋಡಿದ. ಆಮೇಲೆ ಬಾಯ್ಲರ್ ಕೋಣೆಗೆ ಹೋಗಿ ಎಲ್ಲವನ್ನೂ ನಿಲ್ಲಿಸಿಬಿಟ್ಟ.

ಸಂಜೆಯೊಳಗೆ ಅವನ ಕೆಲಸ ಹೋಯಿತು. ಅಕ್ಕ ತಂಗಿಯ ಫೋನು ಎತ್ತುವುದನ್ನೇ ಬಿಟ್ಟಳು. ಬಾಯ್ಲರ್ ತಪಾಸಣೆಯ ಸರಕಾರಿ ಕಚೇರಿಗೆ ಅವಳು ಬರೆದ ದೂರಿಗೆ, ಹದಿನೈದು ದಿನದೊಳಗೆ ಬರುತ್ತೇವೆ ಎಂಬ ಉತ್ತರ ಬಂತು.

ಗುರುವಾರ ಬೆಳಿಗ್ಗೆ ಲಾಂಡ್ರಿಯ ಗೇಟಿನ ಬಳಿ ಆ ಮುದುಕ ಸಿಕ್ಕಿದ. ಅವನನ್ನೂ ಹೊರಗೆ ಹಾಕಿದ್ದರು. ಬಾಯ್ಲರ್ ಮತ್ತೆ ಉರಿಯುತ್ತಿತ್ತು.

"ಸದ್ದು ನಿಂತೋಯ್ತಲ್ಲ ತಾತ?"

"ಒಳಗೆ ಒತ್ತಡ ಏರಿದ್ರೆ ಆವಿ ಹೊರಗೆ ಬಿಡೋ ವಾಲ್ವನ್ನೇ ತಂತಿ ಕಟ್ಟಿ ಬಿಗಿದಿದ್ದಾರೆ, ತಾಯಿ. ಇನ್ನೆಲ್ಲಿಂದ ಸದ್ದು?"

ಪಾಳಿ ಬದಲಾಗುವ ಹೊತ್ತು. ಡಬ್ಬಿ ಹಿಡಿದ ಹೆಂಗಸರು ರಸ್ತೆ ದಾಟಿ ಬರುತ್ತಿದ್ದರು. ಅವಳು ಗೇಟಿಗೆ ಅಡ್ಡ ನಿಂತು ಒಬ್ಬೊಬ್ಬರಿಗೂ ಹೇಳತೊಡಗಿದಳು. ಇಬ್ಬರು ಮುಖ ಮುಖ ನೋಡಿಕೊಂಡು ಹಿಂದಿರುಗಿದರು. ಉಳಿದವರು, ತಡವಾದರೆ ಬೈಯ್ತಾರೆ ಕಣಮ್ಮ ಎನ್ನುತ್ತ, ಅವಳ ಪಕ್ಕದಿಂದ ಹಾದು ಒಳಗೆ ಹೋದರು.