ಗುರುಲಿಂಗನ ಹುಲ್ಲು

"ಏ ಬಾಯಾರ! ಬೋರ್ಡ್ ಕಾಣಂಗಿಲ್ಲೇನ್ರಿ? ಮೊದಲ ಹುಲ್ಲಿಂದ ಹೊರಗ ಬರ್ರಿ!"

ಗುರುಲಿಂಗ ನೀರಿನ ಪೈಪನ್ನು ಗುಲಾಬಿ ಪಾತಿಯಲ್ಲಿ ಬಿಸಾಕಿ ಓಡಿಬಂದ. ಹುಲ್ಲುಹಾಸಿನ ನಟ್ಟನಡುವೆ ಕೂತು ಅಂಗೈಯಿಂದ ಹುಲ್ಲು ಸವರುತ್ತಿದ್ದ ಹೆಂಗಸು ಗಾಬರಿಯಾಗಲಿಲ್ಲ. ನಿಧಾನವಾಗಿ ಎದ್ದು, ಕಾಲಡಿಯ ಹುಲ್ಲಿಗೆ ನೋವಾಗಬಾರದೆಂಬಂತೆ ಹೆಜ್ಜೆ ಊರುತ್ತ ಹೊರಗೆ ಬಂದು, "ತಪ್ಪಾಯ್ತ್ರಿ" ಅಂದಳು. ಅಷ್ಟರಲ್ಲಿ ಗೇಟಿನ ಹೊರಗೆ ಪುರಸಭೆಯ ಜೀಪಿನಿಂದ ಇಳಿದ ಗುಮಾಸ್ತ ಹಣೆ ಬಡಿದುಕೊಂಡ.

"ಗುರುಲಿಂಗಪ್ಪಾ, ಯಾರಿಗಿ ಒದರಾಕತ್ತಿ? ಹೊಸ ಮುಖ್ಯಾಧಿಕಾರಿ, ಫರಹತ್ ಮೇಡಂ ಅವ್ರು!"

ಗುರುಲಿಂಗ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. ಕ್ಷಮೆ ಕೇಳಲು ಬಾಯಿ ತೆರೆದರೂ ಬಂದದ್ದು ಬೇರೆ ಮಾತು. "ಯಾರಾದ್ರೂ ಹುಲ್ಲ ಹುಲ್ಲೇ ಅಲ್ರಿ, ಮೇಡಂ."

ಫರಹತ್ ನಕ್ಕಳು. "ಖರೇ ಮಾತು, ಮಾಲಿ ಸಾಬ್."

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯ ಬದಿಯ ಆ ಉದ್ಯಾನವನ್ನು ಊರಿನವರು ಪುರಸಭೆಯ ಉದ್ಯಾನ ಎನ್ನುವುದಿಲ್ಲ, ಗುರುಲಿಂಗನ ಬಾಗ ಎನ್ನುತ್ತಾರೆ. ಅವನು ಕೆಲಸಕ್ಕೆ ಸೇರಿದಾಗ ಅಲ್ಲಿ ಒಡೆದ ಹೆಂಚು, ಕಟ್ಟಡದ ಕಸ, ಹಂದಿಗಳು ಬಿಟ್ಟರೆ ಏನೂ ಇರಲಿಲ್ಲ. ಕೆಂಪು ಗರಸು ನೆಲ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಗಾಡಿಗಟ್ಟಲೆ ಕಪ್ಪು ಮಣ್ಣು ತರಿಸಿ ಹರಡಿದ. ಸುತ್ತಲಿನ ಹೊಲಗಳ ಬದುವಿನಿಂದ ಗರಿಕೆಯ ಬೇರು ಕಿತ್ತು ತಂದು ಒಂದೊಂದು ಗೇಣಿಗೆ ಒಂದೊಂದು ಕಡ್ಡಿಯಂತೆ ನೆಟ್ಟ. ಬೇಸಿಗೆಯಲ್ಲಿ ಟ್ಯಾಂಕರಿನವರ ಕೈಕಾಲು ಹಿಡಿದು ನೀರು ಹಾಕಿಸಿದ. ಕಡೆಗೆ ಬೇಲಿಯ ಆಚೆ ಬಸ್ಸಿನಲ್ಲಿ ಹೋಗುವವರೂ ಕಿಟಕಿಯಿಂದ ಕತ್ತು ಹೊರಹಾಕಿ ನೋಡುವಂಥ ಹಸಿರು ಎದ್ದಿತು. ಜಿಲ್ಲೆಯ ಅಧಿಕಾರಿಗಳು ಬಂದು ಶಾಲು ಹೊದಿಸಿ ಹೋದರು. ಊರಿಗೆ ಬೀಗರು ಬಂದರೆ ಕರೆದುಕೊಂಡು ಬಂದು ತೋರಿಸುವುದು ರೂಢಿಯಾಯಿತು.

ತೋರಿಸುವುದು, ಅಷ್ಟೇ. ಹುಲ್ಲಿನ ಮೇಲೆ ಕೂಡಬಾರದು, ಓಡಬಾರದು, ಊಟದ ಡಬ್ಬಿ ಬಿಚ್ಚಬಾರದು, ಚೆಂಡು ತರಬಾರದು. ಬೋರ್ಡಿನಲ್ಲಿ ಜಾಗ ಸಾಲದೆ ಕೆಳಗೆ ಇನ್ನೊಂದು ಬೋರ್ಡು ಹೊಡೆಸಿದ್ದ. ಜನ ಸಿಮೆಂಟಿನ ದಾರಿಯಲ್ಲಿ ಒಂದು ಸುತ್ತು ಹಾಕಿ, ಬೇಲಿಗೆ ಬೆನ್ನುಕೊಟ್ಟು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಬೈದುಕೊಂಡರೂ ಅವನ ಮೇಲೆ ಸಿಟ್ಟು ಮಾಡಿಕೊಂಡವರು ಕಡಿಮೆ. ಮಗುವನ್ನು ಸಾಕಿದಂತೆ ಸಾಕಿದವನು, ಅಷ್ಟು ಜೋರು ಇರಲೇಬೇಕು ಎನ್ನುತ್ತಿದ್ದರು.

ಫರಹತ್ ಮೇಡಂ ಕಲಬುರಗಿ ಕಡೆಯವಳು. ಬಂದ ವಾರದಲ್ಲೇ ಊರಿನ ಗಲ್ಲಿ ಗಲ್ಲಿ ನಡೆದು ನೋಡಿ, ಒಂದು ದಿನ ಉದ್ಯಾನದ ಪಂಪಿನ ಕೋಣೆಗೇ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಮಾಲಿ ಸಾಬ್, ಈ ಊರಾಗ ಗಂಡಸರಿಗಿ ಚಹಾದ ಅಂಗಡಿ ಅದಾವ, ಗುಡಿ ಕಟ್ಟಿ ಅದಾವ, ಬಸ್ ಸ್ಟ್ಯಾಂಡ್ ಅದ. ಹೆಂಗಸರು ಸಂಜಿಮುಂದ ಎಲ್ಲಿ ಕೂಡ್ತಾರ, ನೀವೇ ಹೇಳ್ರಿ."

"ಇಲ್ಲಿ ಕಲ್ಲಿನ ಬೆಂಚ್ ಹಾಕಸೀವಲ್ರಿ."

"ಬೆಂಚಿನ ಮ್ಯಾಲ ಓಡಾಕ ಬರ್ತದೇನ್ರಿ? ದಿನಾ ಸಂಜಿಗಿ ಒಂದು ತಾಸು ಹೆಂಗಸರಿಗಿ ಅಂತ ಇಡೋಣ. ಆ ತಾಸು ಗಂಡಸರು ಒಳಗ ಬರಬಾರದು. ಆಟ ಆಡ್ಲಿ, ಮಲಗ್ಲಿ, ಸುಮ್ನ ಕೂಡ್ಲಿ. ಹುಲ್ಲಿನ ಮ್ಯಾಲೇ."

ಗುರುಲಿಂಗ ಬಾಗಿಲಾಚೆಯ ಹಸಿರಿನ ಕಡೆ ನೋಡಿದ. "ಹುಲ್ಲ ಸಾಯ್ತದ್ರಿ."

"ಸತ್ತಲ್ಲಿ ಮತ್ತ ಹಚ್ಚೋಣು. ನೀವಿದ್ದೀರಲ್ಲ."

"ಹಂಗಾದ್ರ ನನಗ ಬ್ಯಾರೆ ಕಡಿ ಕಳಸ್ರಿ, ಮೇಡಂ. ಬಸವಕಲ್ಯಾಣಕ್ಕ ಕಳಸ್ರಿ."

ಅವಳು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದಳು. ನಂತರ, "ನಿಮ್ಮಂಥವರಿಗಿ ಕಳಸೋದಂದ್ರ ನಮ್ಮ ಊರಿಗೇ ನುಕ್ಸಾನು. ಆದ್ರ ಒತ್ತಾಯ ಮಾಡಂಗಿಲ್ಲ. ಹೋಗಿ ಆ ಜಾಗಾ ನೋಡಿ ಬರ್ರಿ. ಬರೋ ಶನಿವಾರ ಹೇಳ್ರಿ, ಮ್ಯಾಲಿನವರಿಗಿ ಬರದು ಕಳಸ್ತೀನಿ" ಅಂದಳು.

ಹೆಂಗಸರ ತಾಸು ಶುರುವಾಯಿತು. ಮೊದಲ ದಿನ ಯಾರೂ ಹುಲ್ಲಿಗೆ ಕಾಲಿಡಲಿಲ್ಲವಂತೆ. ಅಂಚಿನಲ್ಲಿ ನಿಂತು ಗುರುಲಿಂಗ ಎಲ್ಲಿದ್ದಾನೆಂದು ಹುಡುಕಿದರಂತೆ. ಅವನು ಪಂಪಿನ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮರುದಿನದಿಂದ ಹೊರಗೆ ಕೂಗು, ನಗು, ಧಡಧಡ ಓಡುವ ಸಪ್ಪಳ. ಆ ಒಂದೊಂದು ಸಪ್ಪಳವೂ ಅವನ ಎದೆಯ ಮೇಲೇ ಬಿದ್ದಂತಾಗುತ್ತಿತ್ತು. ತಾಸು ಮುಗಿದ ಮೇಲೂ ಹುಲ್ಲಿನ ಕಡೆ ನೋಡದೆ, ಗೇಟಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದ.

ವಾರದ ನಡುವೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದ. ಅಲ್ಲಿ ಮಾಲಿ ಕೆಲಸಕ್ಕಿದ್ದ ಶರಣಪ್ಪ ಹಳೆಯ ಗೆಳೆಯ. ಅವನ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರಿಂದ ಅದಲುಬದಲಿಗೆ ಶರಣಪ್ಪನೂ ತಯಾರಿದ್ದ.

"ನಿನಗ ಹೇಳಿ ಮಾಡಸಿದಂಗ ಅದ ನೋಡಪಾ ಈ ಜಾಗಾ," ಶರಣಪ್ಪ ತಂತಿಬೇಲಿಯ ಒಳಗಿನ ಹುಲ್ಲು ತೋರಿಸಿದ. "ಯಾತ್ರಿ ಜನ ಬರ್ತಾರ, ದೂರದಿಂದ ಫೋಟೊ ಹೊಡೀತಾರ, ಹೋಗ್ತಾರ. ವರ್ಷಾನುಗಟ್ಟಲೆ ಒಬ್ಬರೂ ಕಾಲಿಟ್ಟಿಲ್ಲ."

ಗುರುಲಿಂಗ ಬೇಲಿಯೊಳಗೆ ಕೈಹಾಕಿ ಹುಲ್ಲು ಸವರಿದ. ದಟ್ಟ ಹುಲ್ಲು, ಕಳೆ ಇಲ್ಲ, ಅಂಚು ಕತ್ತರಿಸಿದ್ದು ನೂಲು ಹಿಡಿದಂತಿತ್ತು. ಒಂದೂ ತಪ್ಪು ಹುಡುಕುವಂತಿರಲಿಲ್ಲ. ಆದರೂ ಯಾರದೋ ಮನೆಯ ಮಗುವಿನ ತಲೆ ಸವರಿದಂತಾಯಿತು. "ಚಂದ ಅದ," ಅಂದ. ಶರಣಪ್ಪನ ಮನೆಯಲ್ಲಿ ಚಹಾ ಕುಡಿದು, ಶನಿವಾರ ಮೇಡಂಗೆ ಹೇಳಿಬಿಡುತ್ತೇನೆಂದು ಮಾತು ಕೊಟ್ಟು ಬಂದ.

ಮನೆಗೆ ಬಂದಾಗ ಹೆಂಡತಿ ಸೂಗಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಾಣಿಕನಗರದ ಖಾನಾವಳಿಗೆ ಜೋಳದ ರೊಟ್ಟಿ ಹೋಗುತ್ತಿದ್ದುದು ಅವಳ ಕೈಯಿಂದಲೇ. ಬೆಳಕು ಹರಿಯುವ ಮೊದಲು ಹಿಟ್ಟು ನಾದಲು ಕೂತರೆ ಮಧ್ಯಾಹ್ನ ಇಳಿಯುವವರೆಗೂ ಮಣೆ ಬಿಟ್ಟು ಏಳುತ್ತಿರಲಿಲ್ಲ. ಗುರುಲಿಂಗ ನೀರು ಕುಡಿದು ಬಸವಕಲ್ಯಾಣದ ಸುದ್ದಿ ಹೇಳಿದ.

ಅವಳ ಕೈ ನಿಂತಿತು. "ಅಲ್ಲಿ ಹೋಗಿ ಇರೋದೇನ್ರಿ ನಾವು?"

"ಮತ್ತೇನ್ ಮಾಡ್ಲಿ? ಕಣ್ಣ ಮುಂದ ಹಾಳಾಗೋದು ನೋಡ್ಕೋತ ಕೂಡ್ಲೇನು?"

"ನೋಡೀರೇನು ಹಾಳಾಗಿದ್ದು?"

"ನೋಡೋದೇನದ ಅದರಾಗ?"

ಸೂಗಮ್ಮ ಒಲೆಗೆ ಕಟ್ಟಿಗೆ ಸರಿಸಿದಳು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿದಳು. "ನಿಮ್ಮ ಮನಸಿಗಿ ಬಂದಂಗ ಮಾಡ್ರಿ," ಅಂದಳು ಕಡೆಗೆ.

ಶನಿವಾರ ಸಂಜೆ ಮೇಡಂ ಕಚೇರಿಯಲ್ಲಿರಲಿಲ್ಲ. ಬಾಗಕ್ಕೇ ಹೋಗಿದ್ದಾರೆ, ಅಲ್ಲೇ ಸಿಗುತ್ತಾರೆ ಎಂದ ಗುಮಾಸ್ತ. ಗುರುಲಿಂಗ ಹಿಂದಿನ ಸಣ್ಣ ಬಾಗಿಲಿಂದ ಒಳಗೆ ಬಂದು ದಾಸವಾಳದ ಗಿಡಗಳ ಮರೆಯಲ್ಲಿ ನಿಂತ. ತಾಸು ಮುಗಿಯುವವರೆಗೆ ಕಾಯಬೇಕೆಂದುಕೊಂಡ. ಬೇಡವೆಂದರೂ ಕಣ್ಣು ಎಲೆಗಳ ಸಂದಿಯಿಂದ ಹುಲ್ಲಿನ ಕಡೆಗೇ ಹೋಯಿತು.

ಎರಡು ಕಂಬ ನೆಟ್ಟು ಖೋ ಖೋ ಆಡುತ್ತಿದ್ದರು. ಸಾಲಾಗಿ ಕೂತವರಲ್ಲಿ ಪುರಸಭೆಯ ಪೌರಕಾರ್ಮಿಕರಿದ್ದರು, ಅಂಗನವಾಡಿಯವರಿದ್ದರು, ಮುಖ ಕೆಂಪಾಗಿ ಏದುಸಿರು ಬಿಡುತ್ತ ಫರಹತ್ ಮೇಡಂ ಕೂಡ ಇದ್ದಳು. ಅವನ ಪಕ್ಕದ ಮನೆಯ ದರ್ಜಿ ಅಸ್ಗರಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಬೆನ್ನಟ್ಟುತ್ತಿದ್ದಳು. ಅವಳ ಮುಂದೆ ಸೀರೆಯನ್ನು ಕಚ್ಚೆ ಹಾಕಿ ಓಡುತ್ತಿದ್ದ ಹೆಂಗಸು ಸಾಲಿನ ಈ ಬದಿಯಿಂದ ಆ ಬದಿಗೆ ನುಗ್ಗಿ, ಅಸ್ಗರಿಯ ಕೈ ಬೆನ್ನಿಗೆ ತಾಗಿತು ಎನ್ನುವಾಗ ನಡು ಬಗ್ಗಿಸಿ ತಪ್ಪಿಸಿಕೊಂಡು, ಕಂಬವನ್ನು ಒಂದೇ ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿದಳು. ತಿರುಗಿದಾಗ ಮುಖ ಈ ಕಡೆ ಬಂತು.

ಸೂಗಮ್ಮ.

ಗುರುಲಿಂಗ ಗಿಡದ ಟೊಂಗೆ ಹಿಡಿದುಕೊಂಡ. ಅವಳು ಓಡಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಮಣೆಯ ಮುಂದೆ ಕೂತದ್ದು, ಬಾಗಿಲಲ್ಲಿ ನಿಂತದ್ದು, ನೋಯುವ ಸೊಂಟಕ್ಕೆ ಕೈಕೊಟ್ಟು ಎದ್ದದ್ದು, ಇಷ್ಟೇ ಅವನು ಕಂಡದ್ದು. ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ, ನಿಮ್ಮ ಬಾಗದಲ್ಲಿ ಒಂದು ಸಂಜೆ ಕೂತು ಬರೋಣ ಅಂದಿದ್ದಳು. ಈಗಷ್ಟೇ ಹುಲ್ಲು ನಾಟಿದೆ, ಬೇರು ಹಿಡಿಯಲಿ ಅಂದಿದ್ದ. ಬೇರು ಹಿಡಿದು ಎಷ್ಟೋ ವರ್ಷವಾಗಿತ್ತು. ಅವಳು ಮತ್ತೆ ಕೇಳಿರಲಿಲ್ಲ, ಅವನಿಗೆ ನೆನಪೂ ಆಗಿರಲಿಲ್ಲ.

"ಸೂಗಕ್ಕಾ, ಭಾಗೋ ಭಾಗೋ!" ಅಂಚಿನಲ್ಲಿ ಸರದಿಗೆ ಕಾಯುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಸೂಗಮ್ಮ ಇನ್ನೊಂದು ಕಂಬದ ಕಡೆ ಹಾರಿದಳು. ಹಸಿ ಇದ್ದ ಜಾಗದಲ್ಲಿ ಕಾಲು ಜಾರಿ ಧೊಪ್ಪೆಂದು ಬಿದ್ದಳು. ಬಿದ್ದವಳು ಏಳಲಿಲ್ಲ.

ಗುರುಲಿಂಗ ಗಿಡಗಳ ಮರೆಯಿಂದ ಹೊರಬಿದ್ದು ಹುಲ್ಲಿಗೆ ಅಡ್ಡಡ್ಡ ಓಡಿದ. ಹೆಂಗಸರ ತಾಸು ಎಂಬುದೂ ಮರೆತುಹೋಯಿತು. ಜನ ದಾರಿ ಬಿಟ್ಟರು. ಅವನು ಮಂಡಿಯೂರಿ, "ಏ, ಎಲ್ಲಿ ಹತ್ತೇದ? ಸೊಂಟ ಹಿಡಕೊಂಡದೇನು? ಅಲುಗಾಡಬ್ಯಾಡ, ತಡಿ" ಅಂದ.

ಸೂಗಮ್ಮ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಳು. ಎದೆ ಏರಿಳಿಯುತ್ತಿತ್ತು. ನಗುವಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಎರಡೂ ಕೈಗಳನ್ನು ಅಗಲಿಸಿ ಹುಲ್ಲಿನೊಳಗೆ ಬೆರಳು ಆಡಿಸಿದಳು.

"ಎಷ್ಟ ಮೆತ್ತಗದ ರೀ ನಿಮ್ಮ ಹುಲ್ಲ," ಅಂದಳು. "ಬಿದ್ದದ್ದೇ ಗೊತ್ತಾಗ್ಲಿಲ್ಲ ನೋಡ್ರಿ."

ಗುರುಲಿಂಗ ಅವಳ ಬೆರಳುಗಳನ್ನೇ ನೋಡಿದ. ಈ ಹುಲ್ಲನ್ನು ಜನ ಎಷ್ಟೋ ಬಗೆಯಲ್ಲಿ ಹೊಗಳಿದ್ದರು. ಹಸಿರು ಅಂದಿದ್ದರು, ಮಖಮಲ್ಲಿನಂತೆ ಕಾಣುತ್ತದೆ ಅಂದಿದ್ದರು. ಮೆತ್ತಗಿದೆ ಎಂದು ಮೈಯಿಂದ ತಿಳಿದು ಹೇಳಿದವರು ಒಬ್ಬರೂ ಇರಲಿಲ್ಲ. ಅಸ್ಗರಿ ಸೊಂಟದ ಮೇಲೆ ಕೈಯಿಟ್ಟು, "ಅಣ್ಣಾ, ಬಿದ್ದಾಗ ಮುಟ್ಟೀನಿ, ಔಟ್ ಆಗ್ಯಾಳ ಸೂಗಕ್ಕ. ನೀವು ಬಂದೀರಿ ಅಂತ ಬಿಡಂಗಿಲ್ಲ ಮತ್ತ" ಅಂದಾಗ ಎಲ್ಲರೂ ನಕ್ಕರು. ಅವನು ಎದ್ದು ತಲೆ ತಗ್ಗಿಸಿಕೊಂಡು ಅಂಚಿಗೆ ಬಂದ.

ಫರಹತ್ ಮೇಡಂ ಬೆವರು ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು. "ಶನಿವಾರ ಬಂತು, ಮಾಲಿ ಸಾಬ್. ಬಸವಕಲ್ಯಾಣದ್ದು ಏನ್ ಮಾಡೋಣ್ರಿ?"

ಗುರುಲಿಂಗ ಹುಲ್ಲನ್ನು ನೋಡಿದ. ಕಂಬಗಳ ಸುತ್ತ ಕಪ್ಪು ಮಣ್ಣು ಕಾಣತೊಡಗಿತ್ತು. ನಡುವೆ ಒಂದು ಗೆರೆ ಸವೆದಿತ್ತು. ಎದೆ ಚುರ್ರೆಂದಿತು, ಅದು ಸುಳ್ಳಲ್ಲ.

"ಆ ಕಂಬ ಹಾಕಿದ ಜಾಗಾ ತಪ್ಪದ್ರಿ," ಅಂದ. "ಅಲ್ಲಿ ನೀರು ನಿಂದರ್ತದ. ಇವತ್ತು ಇಕಿ ಬಿದ್ದಳು, ನಾಳಿ ಇನ್ನೊಬ್ಬರು ಬೀಳ್ತಾರ. ಮೂಡಣ ಕಡಿ ಹಾಕ್ರಿ. ಮತ್ತ ಒಂದೇ ಕಡಿ ದಿನಾ ಆಡಬಾರದು. ಬಾಗ ನಾಕು ಪಾಲು ಮಾಡೋಣು. ಮೂರರಾಗ ನೀವು ಆಡ್ರಿ, ಒಂದು ಮಲಗ್ಲಿ. ಅದು ಎದ್ದ ಮ್ಯಾಲ ಇನ್ನೊಂದು."

"ಮತ್ತ ಶರಣಪ್ಪ?"

"ಅವನಿಗಿ ನಾ ಫೋನ್ ಮಾಡ್ತೀನ್ರಿ. ಬೈತಾನ. ಬೈಲಿ."

ಶರಣಪ್ಪ ಬೈದ. ಮಗಳ ಊರಿಗೆ ಬರುವ ಆಸೆ ಹುಟ್ಟಿಸಿ ಕೈಕೊಟ್ಟೆಯಲ್ಲ ಎಂದು ಬಹಳ ದಿನ ಮಾತೇ ಆಡಲಿಲ್ಲ. ಗುರುಲಿಂಗ ಅದನ್ನು ನುಂಗಿಕೊಂಡ. ಸುಣ್ಣದ ಗೆರೆ ಎಳೆದು ಬಾಗವನ್ನು ನಾಲ್ಕು ಪಾಲು ಮಾಡಿದ. ಮಲಗಿದ ಪಾಲಿಗೆ ಹಗ್ಗ ಕಟ್ಟಿ, ಸವೆದ ಜಾಗದಲ್ಲಿ ಹೊಸ ಗರಿಕೆ ನಾಟಿದ. ನಾಟುವಾಗ ಪೌರಕಾರ್ಮಿಕ ಹೆಂಗಸರು ತಾವಾಗಿ ಬಂದು ಸಾಲಿಗೆ ಕೂತರು. ಎರಡು ಬೋರ್ಡುಗಳಲ್ಲಿ ಒಂದನ್ನು ಕಿತ್ತ. ಇನ್ನೊಂದನ್ನು ಕೀಳಲು ಮನಸ್ಸು ಬರಲಿಲ್ಲ, ಹೂವು ಕೀಳಬಾರದು ಎಂಬ ಸಾಲನ್ನಷ್ಟೇ ಬಿಟ್ಟು ಉಳಿದದ್ದಕ್ಕೆ ಬಣ್ಣ ಬಳಿದ. ಬೈಯುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ಹಗ್ಗ ದಾಟಿದವರು ಯಾರೇ ಆಗಲಿ, ಮೇಡಂ ಆಗಲಿ, ಅವನ ಬಾಯಿಗೆ ಸಿಕ್ಕೇ ಸಿಗುತ್ತಿದ್ದರು.

ದಿನಾ ಬೆಳಿಗ್ಗೆ ವಾಕಿಂಗ್ ಬರುತ್ತಿದ್ದ ಕಿರಾಣಿ ಅಂಗಡಿಯ ಓಂಪ್ರಕಾಶ ಸೇಠ್ ಒಮ್ಮೆ ಹಗ್ಗದ ಬಳಿ ನಿಂತು ಲೊಚಗುಟ್ಟಿದರು. "ಏನಪಾ ಗುರುಲಿಂಗ, ಎಂಥ ಹುಲ್ಲ ಇತ್ತು. ಹಾಳಾಯ್ತಲ್ಲೋ."

"ಹಾಳಾಗಿಲ್ರಿ, ಸೇಠ್," ಗುರುಲಿಂಗ ತಲೆಯೆತ್ತದೆ ಕಳೆ ಕೀಳುತ್ತಲೇ ಹೇಳಿದ. "ದುಡದು ದಣದದ. ಜರಾ ಮಲಗಿಸೀನಿ."

ಮಳೆಗಾಲ ಕಳೆದು ಸಂಜೆಗಳು ತಣ್ಣಗಾಗತೊಡಗಿದವು. ಒಂದು ದಿನ ಹೆಂಗಸರ ತಾಸು ಮುಗಿದು, ಎಲ್ಲರೂ ಹೋದ ಮೇಲೆ ಗುರುಲಿಂಗ ನೀರು ಬಿಡಲು ಪೈಪು ಎಳೆದುಕೊಂಡು ಬಂದ. ಮೂಡಣದ ಪಾಲಿನಲ್ಲಿ ಸೂಗಮ್ಮ ಒಬ್ಬಳೇ ಉಳಿದಿದ್ದಳು. ಆಟದ ಆಯಾಸಕ್ಕೋ, ಬೆಳಗಿನ ರೊಟ್ಟಿಯ ಆಯಾಸಕ್ಕೋ, ಒಂದು ಮಗ್ಗುಲಾಗಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ಹುಲ್ಲಿನ ಎಸಳೊಂದು ಕೆನ್ನೆಗೆ ಅಂಟಿಕೊಂಡಿತ್ತು. ಮಾಣಿಕನಗರದ ಗುಡಿಯ ಕಡೆಯಿಂದ ಸಂಜೆಯ ಗಂಟೆ ಕೇಳಿಬರುತ್ತಿತ್ತು. ಗೇಟಿನ ಹೊರಗೆ ಇಬ್ಬರು ಹುಡುಗಿಯರು ಜೋರಾಗಿ ಮಾತಾಡುತ್ತ ಹೋಗುತ್ತಿದ್ದರು. ಅವನು ತುಟಿಯ ಮೇಲೆ ಬೆರಳಿಟ್ಟು ಅವರ ಕಡೆ ನೋಡಿದ.

ನಂತರ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಅವಳನ್ನು ಬಿಟ್ಟು ಸುತ್ತಲೂ ನೀರು ಹಾಯಿಸತೊಡಗಿದ. ನೀರಿನ ಹನಿಗಳು ಅವಳ ಪಾದದಿಂದ ಒಂದು ಗೇಣು ಈಚೆಗೇ ಬಿದ್ದು ಹುಲ್ಲಿನೊಳಗೆ ಇಳಿಯುತ್ತಿದ್ದವು.