ಒದ್ದೆಯಾದ ಸಿಂಹ

ಬೇಡುವ ಮೊದಲೇ ಉಸಿರನ್ನು ಕರುಣಿಸಿ, ಸಕಲ ಜೀವಿಗಳ ಎದೆಯಲ್ಲಿ ಗಾಳಿಯಾಗಿ ಸುಳಿಯುವ ಪರಮಾತ್ಮನಿಗೆ ತಲೆಬಾಗಿ ಈ ಕತೆಯನ್ನು ಆರಂಭಿಸೋಣ.

ಕಲ್ಲು ಕೆತ್ತುವ ಆ ಅಂಗಳದ ಯಜಮಾನನಿಗೆ ‘ಉಫ್ ಮೇಸ್ತ್ರಿ’ ಎಂದೇ ಹೆಸರು. ಉಳಿಯ ಏಟು ಬಿದ್ದೊಡನೆ ಬಾಗಿ, ಗೆರೆಯ ಮೇಲಿನ ಪುಡಿಯನ್ನು ‘ಉಫ್’ ಎಂದು ಊದುವುದು ಅವನ ಪದ್ಧತಿ. ಅವನ ಕೈಕೆಳಗೆ ಪಳಗಿದವರೆಲ್ಲ ಉಳಿಯೊಡನೆ ಹಾಗೆ ಊದುವುದನ್ನೂ ಕಲಿತಿದ್ದರು. ಊದಿದ ಧೂಳು ಮರು ಉಸಿರಿನಲ್ಲಿ ಅವರೊಳಗೇ ಸೇರುತ್ತಿತ್ತು. ಈಗ ಮೇಸ್ತ್ರಿಯ ಮಗ ಏಣಿಯ ನಡುವೆಯೇ ಏದುಸಿರು ಬಿಟ್ಟು ಇಳಿದುಬಿಡುತ್ತಿದ್ದ.

“ಒಳಗೆ ಹೋದ ಕಲ್ಲುಪುಡಿ ಹೊರಗೆ ಬರಲ್ಲ. ಇನ್ನು ಚೂರೂ ಹೋಗಬಾರದು. ಆಗಲ್ಲ ಅಂದ್ರೆ ಕೆಲಸ ಬಿಡಿಸಿ” ಎಂದಿದ್ದರು ವೈದ್ಯೆ. ಉಳಿ ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ.

ಅವನ ಅಕ್ಕನೂ ಉಳಿ ಹಿಡಿದವಳೇ. ತಮ್ಮನೂ ತಾನೂ ಅರ್ಧ ಕೆತ್ತಿದ್ದ ಸಿಂಹದ ಮೇಲೆ ಅವಳು ನೀರಿನ ಡಬ್ಬ ತೂಗುಹಾಕಿ, ಪುಡಿ ಏಳುವ ಮುನ್ನವೇ ನೆನೆಯಲೆಂದು ಸಣ್ಣ ಕೊಳವೆಯಿಂದ ಉಳಿಯ ಮೊನೆಗೆ ನೀರು ಹರಿಸಿದಳು.

“ಏನಮ್ಮಾ, ಸಿಂಹಕ್ಕೆ ಸ್ನಾನಾನಾ?” ಮೇಸ್ತ್ರಿ ಕೆರಳಿದ. “ಒದ್ದೆ ಕಲ್ಲಲ್ಲಿ ಗೆರೆ ಕಾಣಲ್ಲ. ಕಲ್ಲು ಕೆಡುತ್ತೆ.”

“ತಮ್ಮನ ಎದೆ ಕೆಡೋದಕ್ಕಿಂತ ಕಲ್ಲು ಕೆಡಲಿ ಬಿಡಪ್ಪಾ.”

“ಬಾಯಿ ಜೋರಾಯ್ತು ನಿಂದು. ತೆಗಿ ಅದನ್ನ!”

ಮುಖ ಊದಿಸಿಕೊಂಡು ತೆಗೆದಳು. ಬಿಸಿಲಿಗೆ ಸಿಂಹದ ಬೆನ್ನು ಆರಿತು, ಎದೆ ಆರಿತು. ಕೊರಳ ಸುತ್ತ ಮಾತ್ರ ಕೂದಲೆಳೆಯಂಥ ಕಪ್ಪು ಗೆರೆಯೊಂದು ಆರದೆ ಉಳಿಯಿತು. ಮೇಸ್ತ್ರಿ ಅದರ ಮೇಲೆ ಉಗುರಾಡಿಸಿದ. ಬಿರುಕು! ಪುಡಿ ತುಂಬಿ ಮರೆಯಾಗಿದ್ದ ಬಿರುಕು. ಇನ್ನೆರಡು ಏಟು ಬಿದ್ದಿದ್ದರೆ ಸಿಂಹದ ತಲೆ ಕಳಚಿ, ಕೆಳಗೆ ಕುಳಿತು ಪಂಜ ಕೆತ್ತುತ್ತಿದ್ದ ಮಗನ ಮೇಲೆಯೇ ಬೀಳುತ್ತಿತ್ತು.

“ಗೆರೆ ಕಾಣಲ್ಲ ಅಂದ್ಯಲ್ಲಪ್ಪಾ?” ಮಗ ಕೆಮ್ಮುತ್ತಲೇ ನಕ್ಕ.

ರೂಢಿಯಂತೆ ಮೇಸ್ತ್ರಿಯ ಕೆನ್ನೆಗಳು ಉಬ್ಬಿದವು. ಊದಲಿಲ್ಲ, ಆ ಗಾಳಿಯನ್ನು ಮೂಗಿನಿಂದ ಮೆಲ್ಲಗೆ ಬಿಟ್ಟ.

“ಎಲ್ಲರ ಕಲ್ಲಿಗೂ ಒಂದೊಂದು ಡಬ್ಬ ಕಟ್ಟಮ್ಮಾ. ಮುಖಕ್ಕೆ ಮಾಸ್ಕೂ ತರಿಸು. ಇನ್ಮೇಲೆ ಊದಿದೋರಿಗೆ ಇಲ್ಲಿ ಉಳಿ ಇಲ್ಲ. ನಾನು ಊದಿದ್ರೆ ನನ್ನದೂ ಕಿತ್ಕೋ.”

ಹೊಸ ಕಲ್ಲಿನಲ್ಲಿ ಹೊಸ ಸಿಂಹ ಎದ್ದಿತು, ನೀರಿನಲ್ಲಿ ಮಿಂದು ಮಿಂದು. ಮಗನ ಎದೆಯ ಹೊಸ ಎಕ್ಸ್‌ರೇ ನೋಡಿದ ವೈದ್ಯೆ, “ಹೆಚ್ಚಾಗಿಲ್ಲ. ನಿಂತಿದೆ!” ಎಂದು ಮೇಜು ತಟ್ಟಿದರು.

ಸಿಂಹವನ್ನು ಅಂಗಳದ ಹೆಬ್ಬಾಗಿಲ ಮೇಲೇರಿಸಿದ ದಿನ ಮಗ ಏಣಿ ಹತ್ತಿದ. ನಿಧಾನವಾಗಿ, ಮೆಟ್ಟಿಲಿಗೊಂದು ಉಸಿರಿನಂತೆ. ಆದರೆ ನಡುವೆ ಎಲ್ಲಿಯೂ ಇಳಿಯಲಿಲ್ಲ. ತುದಿ ಮುಟ್ಟಿ, ಸಿಂಹದ ನೆತ್ತಿಯ ಮೇಲೆ ಕೈಯಿಟ್ಟು, ಶುಭ್ರವಾದ ಗಾಳಿಗೆ ಬಾಯಿ ತೆರೆದು ಕೂಗಿದ:

“ಅಪ್ಪಾ, ಉಫ್!”

ಅಂಗಳಕ್ಕೆ ಅಂಗಳವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಉಫ್ ಮೇಸ್ತ್ರಿ. ಅಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಧೂಳು ಬಿದ್ದಿತೆನ್ನಲು ಅಲ್ಲಿ ಧೂಳೇ ಇರಲಿಲ್ಲ.

ಇದನ್ನು ಕೇಳಿದ ಎಲ್ಲರ ಎದೆಯೂ ನಿರ್ಮಲವಾಗಿರಲಿ. ದುಡಿದು ಮನೆಗೆ ಮರಳುವ ಪ್ರತಿಯೊಬ್ಬರ ಉಸಿರನ್ನೂ ಉಸಿರಿತ್ತವನೇ ಕಾಯಲಿ.